ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಗಾರ್ತಿಯ ಚರಿತ್ರೆ



ತರಗತಿಯ ಮಾಡಿನಿಂದ ಒಂದು ಜೇಡವು ತನ್ನ ನೂಲನ್ನು ಹಿಡಿದು ಇಳಿದುಬಂದರೆ ಸಾಕು, ಬೆಂಚುಗಳು ಹಿಂದಕ್ಕೆ ಸರಿಯುವುವು, ಪುಸ್ತಕಗಳು ನೆಲಕ್ಕೆ ಬೀಳುವುವು, ಧೈರ್ಯವಂತೆಯರೆಂದು ಹೆಸರಾದವರೂ ಬಾಗಿಲ ಕಡೆಗೆ ನೋಡುವರು. ಕಸಬರಿಕೆಯು ಬಂದು ಆ ಬಡಪ್ರಾಣಿಯ ಕಥೆಯನ್ನು ಮುಗಿಸಿದ ಮೇಲೆಯೇ ಪಾಠವು ಮುಂದುವರಿಯುವುದು. ಅದಕ್ಕೆ ಎಷ್ಟು ಕಣ್ಣುಗಳಿದ್ದುವು, ಕಾಲುಗಳ ತುದಿಯು ಯಾವ ಬಣ್ಣದ್ದಾಗಿತ್ತು ಎಂದು ಆಮೇಲೆ ಕೇಳಿದರೆ ಉತ್ತರ ಕೊಡುವವರು ಒಬ್ಬರೂ ಇರುವುದಿಲ್ಲ. ಭಯಪಟ್ಟವರು ಕೂಗುವರೇ ಹೊರತು ನೋಡುವುದಿಲ್ಲ.

ಈಗಿನ ಕಾಲದಲ್ಲಿ ಕೆಲವರು ಕ್ಯಾಮರಾ ಹಿಡಿದು ರಾತ್ರಿಯ ವೇಳೆ ಕಾಡಿಗೆ ಹೋಗಿ, ಅಂಗೈಯಗಲದ ಜೇಡಗಳ ಎದುರಿಗೆ ಮೊಣಕಾಲೂರಿ, ಒಂದೊಂದು ರೋಮವೂ ಎಣಿಕೆಗೆ ಸಿಕ್ಕುವಂತೆ ಅವುಗಳ ಚಿತ್ರಗಳನ್ನು ತೆಗೆದು ತರುತ್ತಾರೆ. ಅಂತಹ ಚಿತ್ರವನ್ನು ನೋಡಿದವರಿಗೆ ಮೊದಲು ಮೈ ಜುಮ್ಮೆನ್ನುವುದು. ಎರಡನೆಯ ಸಲ ನೋಡುವಾಗ ಆಶ್ಚರ್ಯವಾಗುವುದು. ಮೂರನೆಯ ಸಲ ಸೃಷ್ಟಿಕರ್ತನ ಕೈಕೆಲಸದ ನಯವು ಮನಸ್ಸಿಗೆ ತಿಳಿಯುವುದು. ಆದರೆ ಬೆಳಕಿನಿಂದ ಚಿತ್ರ ತೆಗೆಯುವ ವಿದ್ಯೆಯು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಅದಕ್ಕೆ 134 ವರ್ಷಗಳ ಮೊದಲೇ ಒಬ್ಬ ಸ್ತ್ರೀಯು ತನ್ನ ಎರಡು ಕಣ್ಣುಗಳನ್ನೂ ಒಂದು ಕುಂಚವನ್ನೂ ನೆಚ್ಚಿಕೊಂಡು, ದಕ್ಷಿಣ ಅಮೆರಿಕದ ಕಾಡಿನ ದೊಡ್ಡ ಜೇಡವನ್ನು ಅಷ್ಟೇ ಸಮೀಪದಿಂದ ನೋಡಿ, ಅದರ ನಿಜರೂಪವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದಳು. ಆಕೆ ಬರೆದುದನ್ನು ಪಂಡಿತರು ಬಹುಕಾಲದ ವರೆಗೆ ಸುಳ್ಳೆಂದು ತಳ್ಳಿಹಾಕಿದರು. ಆ ಸ್ತ್ರೀಯ ಚರಿತ್ರೆಯನ್ನು ಈ ಸಂಚಿಕೆಯ ಮೂಲಕ ನಿಮಗೆ ತಿಳಿಸಬೇಕೆಂದು ಆಶಿಸುತ್ತೇನೆ.

ಮರಿಯಾ ಸಿಬಿಲ್ಲಾ ಮೇರಿಯನ್ 1647ನೆಯ ಇಸವಿ ಏಪ್ರಿಲ್ 2ನೆಯ ತಾರೀಖು ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಜನಿಸಿದಳು. ಆಕೆಯ ತಂದೆಯಾದ ಮತ್ತೇಯುಸ್ ಮೇರಿಯನ್ ತಾಮ್ರಫಲಕಗಳ ಮೇಲೆ ಚಿತ್ರ ಕೊರೆಯುವುದರಲ್ಲಿಯೂ ಪುಸ್ತಕಗಳನ್ನು ಪ್ರಕಟಿಸುವುದರಲ್ಲಿಯೂ ಯುರೋಪಿನಲ್ಲೆಲ್ಲಾ ಹೆಸರುಗೊಂಡಿದ್ದನು. 1630ರಲ್ಲಿ ಅಚ್ಚಾದ ಜರ್ಮನ್ ಸತ್ಯವೇದವೊಂದು ಆತನ ಚಿತ್ರಗಳಿಂದ ಅಲಂಕೃತವಾಗಿ ಇಂದಿಗೂ ಆತನ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಆತನು ಹುಟ್ಟಿದ ಊರು ಸ್ವಿಟ್ಜರ್ಲೆಂಡಿನ ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದು ಕನ್ನಡ ನಾಡಿನಲ್ಲಿ ಶಾಲೆಗಳನ್ನೂ ಅಚ್ಚುಕೂಟವನ್ನೂ ಸ್ಥಾಪಿಸಿದ ಮಿಶನಿನವರನ್ನು ಕಳುಹಿಸಿಕೊಟ್ಟ ಊರೂ ಅದೇ ಆದುದರಿಂದ, ಆ ಹೆಸರು ನಮ್ಮ ಕಿವಿಗೆ ಹೊಸದಲ್ಲ.

ಮರಿಯಳಿಗೆ 3 ವರ್ಷ ತುಂಬಿದಾಗ ತಂದೆಯು ತೀರಿಕೊಂಡನು. ಮರುವರ್ಷ ತಾಯಿಯು ಯಾಕೋಬ್ ಮಾರೆಲ್ ಎಂಬ ಹೂವಿನ ಚಿತ್ರಗಾರನನ್ನು ಮದುವೆಯಾದಳು. ಮಲತಂದೆಯೆಂದರೆ ಕಠಿಣನೆಂದು ಕಥೆಗಳಲ್ಲಿ ಓದುತ್ತೇವೆ, ಈತನು ಹಾಗಿರಲಿಲ್ಲ. ಹುಡುಗಿಯ ಕೈಯಲ್ಲಿ ಕಲೆಯಿರುವುದನ್ನು ಕಂಡು, ಬಣ್ಣ ಅರೆಯುವುದನ್ನೂ ಕುಂಚ ಹಿಡಿಯುವುದನ್ನೂ ತಾನೇ ಕಲಿಸಿಕೊಟ್ಟನು. ಹೂವಿನ ಚಿತ್ರಗಳ ಅಂಚಿನಲ್ಲಿ ಅಂದಕ್ಕಾಗಿ ಒಂದು ಚಿಟ್ಟೆಯನ್ನೋ ದುಂಬಿಯನ್ನೋ ಬರೆಯುವುದು ಆ ಕಾಲದ ಚಿತ್ರಗಾರರ ವಾಡಿಕೆಯಾಗಿತ್ತು. ಇತರರಿಗೆ ಅಲಂಕಾರವಾಗಿದ್ದುದೇ ಈ ಹುಡುಗಿಗೆ ಪ್ರಶ್ನೆಯಾಯಿತು: ಈ ಚಿಟ್ಟೆಯು ಎಲ್ಲಿಂದ ಬಂತು?

ಆಗಿನ ಜನರಲ್ಲಿ ಅನೇಕರು ಹುಳುಹುಪ್ಪಟೆಗಳು ಕೆಸರಿನಿಂದಲೂ ಕೊಳೆತ ಮಾಂಸದಿಂದಲೂ ತಾವಾಗಿಯೇ ಹುಟ್ಟುತ್ತವೆಂದು ನಂಬಿದ್ದರು. ಇಟಲಿಯ ರೆಡಿ ಎಂಬ ವೈದ್ಯನು ಮಾಂಸದ ಹುಳುಗಳು ನೊಣದ ಮೊಟ್ಟೆಗಳಿಂದ ಹುಟ್ಟುವುವೆಂದು ತೋರಿಸಿ ಪುಸ್ತಕ ಪ್ರಕಟಿಸಿದುದು 1668ರಲ್ಲಿ. ಮರಿಯಳಾದರೋ ಅದಕ್ಕಿಂತ 8 ವರ್ಷ ಮೊದಲೇ, ತನ್ನ 13ನೆಯ ವಯಸ್ಸಿನಲ್ಲಿ, ರೇಷ್ಮೆಹುಳುಗಳನ್ನು ಸಾಕಲು ಆರಂಭಿಸಿದ್ದಳು. ರೇಷ್ಮೆಯ ನಾಡಿನವರಾದ ನಮಗೆ ಇದು ಪರಿಚಿತವಾದ ಸಂಗತಿ. ಹಿಪ್ಪುನೇರಳೆಯ ಎಲೆ ತಿಂದು, ಜ್ವರ ಬಂದಂತೆ ತಲೆಯೆತ್ತಿ ಮಲಗಿ, ಪೊರೆ ಕಳಚಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳುವನ್ನು ನಮ್ಮ ಹಳ್ಳಿಗಳ ಮಕ್ಕಳು ನೋಡಿಯೇ ಬೆಳೆಯುತ್ತಾರೆ. ಫ್ರಾಂಕ್‌ಫರ್ಟಿನ ಈ ಬಾಲಕಿಯು ಅದನ್ನು ನೋಡಿದ್ದಲ್ಲದೆ ದಿನದಿನದ ಬದಲಾವಣೆಯನ್ನು ಬರೆದಿಟ್ಟಳು. ರೇಷ್ಮೆಹುಳುವಿಗೆ ಹೀಗಾದರೆ ಬೇಲಿಯ ಕಂಬಳಿಹುಳುವಿಗೂ ಹೀಗೆಯೇ ಆಗಬೇಕಲ್ಲವೇ ಎಂದು ಯೋಚಿಸಿ, ಸಿಕ್ಕಿದ ಹುಳುಗಳನ್ನೆಲ್ಲಾ ಪೆಟ್ಟಿಗೆಗಳಲ್ಲಿಟ್ಟು, ಅವುಗಳಿಗೆ ಬೇಕಾದ ಸೊಪ್ಪನ್ನೇ ಹುಡುಕಿ ತಂದು ಸಾಕಿದಳು. ಆ ಹವ್ಯಾಸವು ಆಕೆಯನ್ನು ಜೀವಮಾನವೆಲ್ಲಾ ಬಿಡಲಿಲ್ಲ.

1665ರಲ್ಲಿ ಆಕೆಗೆ ಮಾರೆಲನ ಶಿಷ್ಯನಾದ ಯೋಹಾನ್ ಆಂಡ್ರಿಯಾಸ್ ಗ್ರಾಫ್ ಎಂಬಾತನೊಡನೆ ವಿವಾಹವಾಯಿತು. ಯೋಹನ್ನಾ ಹೆಲೆನಾ, ದೊರೋಥಿಯಾ ಮರಿಯಾ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ದಂಪತಿಗಳು ಗ್ರಾಫನ ಊರಾದ ನ್ಯೂರೆಂಬರ್ಗಿಗೆ ಹೋಗಿ ನೆಲಸಿದರು. ಎಣ್ಣೆಬಣ್ಣದಲ್ಲಿ ಚಿತ್ರ ಬರೆದು ಮಾರುವ ಹಕ್ಕನ್ನು ಅಲ್ಲಿನ ಕಟ್ಟಳೆಯು ಗಂಡಸರಿಗೇ ಮೀಸಲಾಗಿಟ್ಟಿತ್ತು. ಮರಿಯಳು ಅದಕ್ಕಾಗಿ ಕೊರಗುತ್ತಾ ಕುಳಿತುಕೊಳ್ಳದೆ ನೀರುಬಣ್ಣದಲ್ಲಿ ಚರ್ಮಪತ್ರದ ಮೇಲೆ ಬರೆದಳು. ಊರಿನ ಹುಡುಗಿಯರಿಗೆ ಕಸೂತಿಯನ್ನೂ ಚಿತ್ರಲೇಖನವನ್ನೂ ಕಲಿಸಿದಳು. ಅವರಿಗೆ ಮಾದರಿಯಾಗಲೆಂದು ಹೂವುಗಳ ಚಿತ್ರಪುಸ್ತಕವನ್ನು ಹೊರಡಿಸಿದಳು. ಅಡಿಗೆ, ಮಕ್ಕಳು, ಪಾಠ, ಬಣ್ಣದ ವ್ಯಾಪಾರ ಇವೆಲ್ಲವುಗಳ ನಡುವೆ ಪೆಟ್ಟಿಗೆಯ ಹುಳುಗಳಿಗೆ ಸೊಪ್ಪು ತಪ್ಪಲಿಲ್ಲ. 1679ರಲ್ಲಿ ಆಕೆಯ ಕಂಬಳಿಹುಳುಗಳ ಪುಸ್ತಕದ ಮೊದಲನೆಯ ಭಾಗವೂ 1683ರಲ್ಲಿ ಎರಡನೆಯ ಭಾಗವೂ ಪ್ರಕಟವಾದುವು. ಒಂದೊಂದರಲ್ಲಿಯೂ 50 ಚಿತ್ರಗಳು. ಹುಳು, ಅದರ ಕೋಶ, ಕೋಶದಿಂದ ಹೊರಡುವ ಪತಂಗ, ಅದು ತಿನ್ನುವ ಗಿಡ ಇವುಗಳನ್ನೆಲ್ಲಾ ಒಂದೇ ಪುಟದಲ್ಲಿ ಕೂಡಿಸಿ ತೋರಿಸಿದುದು ಆಕೆಯ ವಿಶೇಷತೆ. ಒಂದು ಜೀವಿಯನ್ನು ಅರಿಯಬೇಕಾದರೆ ಅದರ ಮನೆಯನ್ನೂ ಊಟವನ್ನೂ ಅರಿಯಬೇಕೆಂಬುದನ್ನು ಆಕೆ ಮಾತಿನಿಂದಲ್ಲ, ಚಿತ್ರದಿಂದಲೇ ಕಲಿಸಿದಳು.

ಇಷ್ಟರಲ್ಲಿ ಗಂಡಹೆಂಡಿರ ನಡುವೆ ಮನಸ್ತಾಪವುಂಟಾಗಿತ್ತು. ಅದರ ಕಾರಣಗಳನ್ನು ಆಕೆ ಎಲ್ಲಿಯೂ ಬಹಿರಂಗಪಡಿಸಲಿಲ್ಲವಾದುದರಿಂದ ನಾವೂ ಅದನ್ನು ಕೆದಕಬೇಕಾಗಿಲ್ಲ. ಸುಮಾರು 1685ರಲ್ಲಿ ಆಕೆ ತನ್ನ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನೆದರ್ಲೆಂಡ್ಸಿನ ವೀವೆರ್ಟ್ ಎಂಬ ಹಳ್ಳಿಗೆ ಹೋದಳು. ಅಲ್ಲಿ ಲಾಬಾದೀಯರೆಂಬ ಕ್ರೈಸ್ತ ಸಮಾಜದವರು, ಆದಿಸಭೆಯವರಂತೆ ಸೊತ್ತನ್ನೆಲ್ಲಾ ಹುದುವಾಗಿಟ್ಟು, ಲೋಕದ ಆಡಂಬರವನ್ನು ತೊರೆದು ಜೀವಿಸುತ್ತಿದ್ದರು. ಆಕೆಯ ಮಲಸಹೋದರನಾದ ಕಾಸ್ಪರನು ಮೊದಲೇ ಅಲ್ಲಿದ್ದನು. ಗ್ರಾಫನು ಹಿಂಬಾಲಿಸಿ ಬಂದು ಬೇಡಿಕೊಂಡರೂ ಆಕೆ ಹಿಂದಿರುಗಲಿಲ್ಲ. ಸಹೋದರನೂ ತಾಯಿಯೂ ಅಲ್ಲಿಯೇ ಮೃತರಾದರು. 1691ರಲ್ಲಿ ಆಕೆ ಮಕ್ಕಳೊಡನೆ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಬಂದು, ಚಿತ್ರಗಳನ್ನೂ ಬಣ್ಣಗಳನ್ನೂ ಮಾರಿ ಜೀವನೋಪಾಯವನ್ನು ಕಂಡುಕೊಂಡಳು. ಮರುವರ್ಷ ಗ್ರಾಫನೊಡನೆ ಆಕೆಯ ವಿವಾಹವು ರದ್ದಾಯಿತು.

ಆಮ್‌ಸ್ಟರ್‌ಡ್ಯಾಮಿನ ಶ್ರೀಮಂತರ ಮನೆಗಳಲ್ಲಿ ಹಡಗುಗಳ ಮೂಲಕ ಬಂದ ವಿಚಿತ್ರವಸ್ತುಗಳ ಸಂಗ್ರಹಗಳಿದ್ದುವು. ನಗರಾಧ್ಯಕ್ಷನಾದ ವಿಟ್ಸೆನ್, ವೈದ್ಯನಾದ ರೋಯ್ಷ್ ಮೊದಲಾದವರು ತಮ್ಮ ಕಪಾಟುಗಳನ್ನು ಆಕೆಗೆ ತೆರೆದು ತೋರಿಸಿದರು. ಎಷ್ಟೋ ಬಗೆಯ ಚಿಟ್ಟೆಗಳೂ ದುಂಬಿಗಳೂ ಅಲ್ಲಿದ್ದುವು. ಆದರೆ ಎಲ್ಲವೂ ಸತ್ತವು. ಅದು ಯಾವ ಹುಳುವಿನಿಂದ ಬಂತು, ಯಾವ ಎಲೆಯನ್ನು ತಿಂದಿತು ಎಂದು ಕೇಳಿದರೆ ಹೇಳುವವರಿಲ್ಲ. ಮರಿಯಳಿಗೆ ಇದರಿಂದ ತೃಪ್ತಿಯಾಗಲಿಲ್ಲ. ಅವು ಜೀವದಿಂದಿರುವ ಸ್ಥಳಕ್ಕೆ ತಾನೇ ಹೋಗಿ ನೋಡಬೇಕೆಂದು ನಿಶ್ಚಯಿಸಿದಳು.

ಯಾವ ಅರಸನೂ ಆಕೆಯನ್ನು ಕಳುಹಿಸಲಿಲ್ಲ. 1699ರಲ್ಲಿ ಆಕೆ ತನ್ನ 255 ಚಿತ್ರಗಳನ್ನು ಮಾರಿ ಹಣ ಕೂಡಿಸಿದಳು. ಹೋದವರು ಹಿಂದಿರುಗಿ ಬರುವರೆಂಬ ಭರವಸೆಯಿಲ್ಲದ ಪ್ರಯಾಣವಾದುದರಿಂದ ಮಕ್ಕಳ ಹೆಸರಿಗೆ ಮರಣಶಾಸನವನ್ನು ಬರೆದಿಟ್ಟಳು. ಜೂನ್ ತಿಂಗಳಲ್ಲಿ ಕಿರಿಯ ಮಗಳಾದ ದೊರೋಥಿಯಳೊಡನೆ ಹಡಗು ಹತ್ತಿದಳು. ಆಗ ತಾಯಿಗೆ 52 ವರ್ಷ, ಮಗಳಿಗೆ 21 ವರ್ಷ. ಅಂದಿನ ದಿನಗಳಲ್ಲಿ 52 ವರ್ಷದ ಹೆಂಗಸು ಮುದುಕಿಯೆಂದೇ ಲೆಕ್ಕ. ಆಕೆ ಸೇರಿದ ದೇಶವು ದಕ್ಷಿಣ ಅಮೆರಿಕದ ಈಶಾನ್ಯ ತೀರದಲ್ಲಿರುವ ಸೂರಿನಾಮ್.

ಸೂರಿನಾಮ್ ಆಗ ಡಚ್ಚರ ವಸಾಹತು. ಆಫ್ರಿಕದಿಂದ ಬಲಾತ್ಕಾರವಾಗಿ ಹಿಡಿದು ತಂದ ದಾಸರ ಬೆವರಿನಿಂದ ಅಲ್ಲಿ ಕಬ್ಬು ಬೆಳೆಯುತ್ತಿತ್ತು. ಸಕ್ಕರೆಯ ಹೊರತು ಬೇರೇನನ್ನೋ ಹುಡುಕಿಕೊಂಡು ಬಂದ ಈ ಹೆಂಗಸನ್ನು ಕಂಡು ತೋಟದ ದೊರೆಗಳು ಹಾಸ್ಯ ಮಾಡಿದರು. ಆಕೆ ಸೆಕೆಯನ್ನೂ ಮಳೆಯನ್ನೂ ಲಕ್ಷಿಸದೆ ಕಾಡಿನ ಅಂಚಿನಲ್ಲಿ ಹುಡುಕಿದಳು. ಮುಳ್ಳುಪೊದೆಗಳು ಅಡ್ಡವಾದಲ್ಲಿ ದಾಸರಿಂದ ದಾರಿ ಕಡಿಸಿದಳು. ತಂದ ಹುಳುಗಳನ್ನು ಮನೆಯಲ್ಲಿ ಸಾಕಿ ಅವುಗಳ ಬಣ್ಣವು ಮಾಸುವ ಮೊದಲೇ ಚಿತ್ರ ಬರೆದಳು. ಉಳಿದುವುಗಳನ್ನು ಬ್ರಾಂದಿಯಲ್ಲಿ ಹಾಕಿ ಕೆಡದಂತೆ ಇಟ್ಟಳು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆಕೆಯ ಕೆಲಸವು ದಾಸರಾದ ಆಫ್ರಿಕದವರ ಮತ್ತು ಆ ನಾಡಿನ ಮೂಲನಿವಾಸಿಗಳ ಸಹಾಯದಿಂದ ನಡೆಯಿತು. ಗಿಡಗಳ ಹೆಸರನ್ನೂ ಗುಣವನ್ನೂ ಅವರು ತಿಳಿಸಿದರೆಂದು ಆಕೆ ಬರೆದಳು. ಆದರೆ ಅವರ ಹೆಸರುಗಳನ್ನು ಬರೆಯಲಿಲ್ಲ. ದಾಸತ್ವವು ಪಾಪವೆಂದು ಆಕೆ ಎದ್ದು ನಿಂತು ಸಾರಲೂ ಇಲ್ಲ. ಆದಾಗ್ಯೂ ಕಂಡುದನ್ನು ಬರೆಯುವ ಆಕೆಯ ಸ್ವಭಾವವು ಇಲ್ಲಿಯೂ ಸುಮ್ಮನಿರಲಿಲ್ಲ. ನಮ್ಮ ತೋಟಗಳಲ್ಲಿ ರತ್ನಗಂಧಿ ಎಂದು ಕರೆಯಿಸಿಕೊಳ್ಳುವ ಕೆಂಪುಹಳದಿ ಹೂವಿನ ಗಿಡವನ್ನು ಆಕೆ ಸೂರಿನಾಮಿನಲ್ಲಿ ಚಿತ್ರಿಸಿದಳು. ಕ್ರೂರವಾಗಿ ನಡೆಸಲ್ಪಡುತ್ತಿದ್ದ ದಾಸಿಯರು ತಮ್ಮ ಮಕ್ಕಳು ದಾಸರಾಗಿ ಹುಟ್ಟುವುದು ಬೇಡವೆಂದು ಅದರ ಬೀಜವನ್ನು ತಿಂದು ಗರ್ಭವನ್ನು ಕಳೆದುಕೊಳ್ಳುತ್ತಿದ್ದರೆಂಬ ಸಂಗತಿಯನ್ನೂ, ಅವರೇ ತನಗೆ ಅದನ್ನು ತಿಳಿಸಿದರೆಂಬುದನ್ನೂ ಆ ಚಿತ್ರದ ಜೊತೆಗೆ ಬರೆದಿಟ್ಟಳು. ಅಂದದ ಹೂವಿನ ಪಕ್ಕದಲ್ಲಿ ಇಂತಹ ಮಾತನ್ನು ಬರೆಯುವುದಕ್ಕೆ ಜೇಡವನ್ನು ಮುಟ್ಟುವುದಕ್ಕಿಂತ ಹೆಚ್ಚಿನ ಧೈರ್ಯವು ಬೇಕಾಗಿತ್ತೆಂದು ನನ್ನ ಎಣಿಕೆ.

ಎರಡು ವರ್ಷ ತುಂಬುವುದರೊಳಗೆ ಆಕೆಯ ದೇಹವು ಕಾಯಿಲೆಯಿಂದ ಕುಗ್ಗಿತು. 1701ನೆಯ ಜೂನ್ ತಿಂಗಳಲ್ಲಿ ಮಗಳೊಡನೆ ಹೊರಟು, ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮನ್ನು ಸೇರಿದಳು. ಅಲ್ಲಿ ಮೂರು ನಾಲ್ಕು ವರ್ಷ ದುಡಿದು, ತನ್ನ ಚಿತ್ರಗಳನ್ನು ತಾಮ್ರಫಲಕಗಳ ಮೇಲೆ ಕೊರೆಯಿಸಿ, ಕೆಲವನ್ನು ತಾನೇ ಕೊರೆದು, 1705ರಲ್ಲಿ ಸೂರಿನಾಮಿನ ಕೀಟಗಳ ರೂಪಾಂತರವೆಂಬ ಮಹಾಗ್ರಂಥವನ್ನು ಲ್ಯಾಟಿನ್ ಮತ್ತು ಡಚ್ ಭಾಷೆಗಳಲ್ಲಿ ಪ್ರಕಟಿಸಿದಳು. ಅದರಲ್ಲಿ 60 ಚಿತ್ರಗಳು. ಮೊದಲನೆಯ ಚಿತ್ರದಲ್ಲಿ ಅನಾನಸ್ ಹಣ್ಣು, ಅದರ ಮೇಲೆ ಜಿರಲೆಗಳು. ಪುಟಗಳು ದೊಡ್ಡವಾಗಿದ್ದುದರಿಂದ ಜೀವಿಗಳನ್ನು ಅವುಗಳ ನಿಜವಾದ ಗಾತ್ರದಲ್ಲಿಯೇ ತೋರಿಸಲು ಸಾಧ್ಯವಾಯಿತು.

ಆ ಗ್ರಂಥದ 18ನೆಯ ಚಿತ್ರವೇ ನಮ್ಮ ಜೇಡದ ಚಿತ್ರ. ಸೀಬೆಮರದ ಒಂದು ಕೊಂಬೆ. ಎಲೆಗಳನ್ನು ಇರುವೆಗಳು ಕತ್ತರಿಸಿ ಜರಡಿಯಂತೆ ಮಾಡಿವೆ. ಇರುವೆಗಳು ಒಂದನ್ನೊಂದು ಕಚ್ಚಿ ಹಿಡಿದು ಸೇತುವೆಯಾಗಿವೆ. ಕೊಂಬೆಯ ಮೇಲೆ ಮೈತುಂಬ ರೋಮವಿರುವ ಕಪ್ಪು ಜೇಡಗಳು. ಅವುಗಳಲ್ಲಿ ಒಂದು, ಗೂಡಿನ ಬಳಿಯಲ್ಲಿ ಅಂಗಾತವಾಗಿ ಬಿದ್ದಿರುವ ಪುಟ್ಟ ಹಮ್ಮಿಂಗ್ ಹಕ್ಕಿಯ ಮೇಲೆ ಕಾಲೂರಿ ನಿಂತಿದೆ. ಈ ಜೇಡಗಳನ್ನು ಸೀಬೆಮರಗಳಲ್ಲಿ ಹೇರಳವಾಗಿ ಕಂಡೆನೆಂದೂ, ಅವು ದುಂಡಾದ ಗೂಡಿನಲ್ಲಿ ವಾಸಿಸುವುವೆಂದೂ, ಕೆಲವು ಪ್ರಯಾಣಿಕರು ಹೇಳುವಂತೆ ಉದ್ದವಾದ ಬಲೆಗಳನ್ನು ನೇಯುವುದಿಲ್ಲವೆಂದೂ, ಇರುವೆಗಳು ಸಿಕ್ಕದಿದ್ದರೆ ಗೂಡಿನಲ್ಲಿರುವ ಸಣ್ಣ ಹಕ್ಕಿಗಳನ್ನು ಹಿಡಿದು ರಕ್ತ ಹೀರುವುವೆಂದೂ ಆಕೆ ವಿವರಿಸಿದಳು.

ಜೇಡವು ಹಕ್ಕಿಯನ್ನು ತಿನ್ನುವುದೇ! ಯುರೋಪಿನವರು ಬೆರಗಾದರು. ಸ್ವೀಡನ್ ದೇಶದ ಮಹಾಪಂಡಿತನಾದ ಲಿನ್ನೇಯಸನು ಆಕೆಯ ಚಿತ್ರವನ್ನು ಆಧಾರವಾಗಿಟ್ಟುಕೊಂಡು 1758ರಲ್ಲಿ ಈ ಜೇಡಕ್ಕೆ ಹಕ್ಕಿಯ ಸಂಬಂಧದಿಂದ ಅವಿಕ್ಯುಲೇರಿಯಾ ಎಂಬ ಹೆಸರನ್ನಿಟ್ಟನು. ಆದರೆ ಮುಂದಿನ ಶತಮಾನದವರು ಅನುಮಾನಪಟ್ಟರು. 1834ರಲ್ಲಿ ವೆಸ್ಟ್ ಇಂಡೀಸ್ ದ್ವೀಪದ ಗಿಲ್ಡಿಂಗ್ ಎಂಬ ಪಾದ್ರಿಯು ಸೂರಿನಾಮಿಗೆ ಕಾಲಿಡದೆಯೇ ಆಕೆಯ ಗ್ರಂಥವನ್ನು ಕಟುವಾಗಿ ಖಂಡಿಸಿದನು. ಅದೇ ಸಮಯದಲ್ಲಿ ಮೆಕ್ಲೇ ಎಂಬ ಪಂಡಿತನು ಹಕ್ಕಿ ಹಿಡಿಯುವ ಜೇಡದ ವಿಷಯವೇ ಕಟ್ಟುಕಥೆಯೆಂದು ಬರೆದನು. ಸತ್ತು ನೂರಕ್ಕೂ ಹೆಚ್ಚು ವರ್ಷಗಳಾಗಿದ್ದ ಆ ಸ್ತ್ರೀಯು ತನ್ನ ಪಕ್ಷವನ್ನು ಹಿಡಿದು ಮಾತನಾಡುವಂತಿರಲಿಲ್ಲ.

ಕೊನೆಗೆ ಸಾಕ್ಷಿಯು ಕಾಡಿನಿಂದಲೇ ಬಂತು. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲೆಂಡಿನವನು 1848ರಿಂದ 1859ರ ವರೆಗೆ ಅಮೆಜಾನ್ ನದಿಯ ಪ್ರಾಂತದಲ್ಲಿ ಸಂಚರಿಸಿದನು. ಕಮೆಟಾ ಎಂಬ ಊರಿನ ಬಳಿ ಮರದ ಬಿರುಕಿನಲ್ಲಿ ಕಾಲು ಚಾಚಿದರೆ 7 ಅಂಗುಲ ಅಗಲವಾಗುವ ರೋಮದ ಜೇಡವೊಂದನ್ನು ಕಂಡನು. ಅದರ ಬಲೆಯಲ್ಲಿ ಎರಡು ಪುಟ್ಟ ಹಕ್ಕಿಗಳು ಸಿಕ್ಕಿಕೊಂಡಿದ್ದುವು. ಒಂದು ಸತ್ತಿತ್ತು, ಇನ್ನೊಂದು ಜೇಡದ ಅಡಿಯಲ್ಲಿ ಸಾಯುವ ಹಾಗಿತ್ತು. 1863ರಲ್ಲಿ ಆತನು ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಪ್ರಕಟಿಸಿ, ಮರಿಯಳ ಮಾತನ್ನು ಎತ್ತಿ ಹಿಡಿದನು. ಆಕೆಯ ಪುಸ್ತಕವು ಹೊರಟು ಆಗ 158 ವರ್ಷಗಳಾಗಿದ್ದುವು.

ಹಾಗೆಂದು ಆಕೆಯಿಂದ ತಪ್ಪೇ ಆಗಲಿಲ್ಲವೆಂದು ತಿಳಿಯಬಾರದು. ಚಿತ್ರದ ಗೂಡಿನಲ್ಲಿ 4 ಮೊಟ್ಟೆಗಳಿವೆ. ಹಮ್ಮಿಂಗ್ ಹಕ್ಕಿಯು ಸಾಮಾನ್ಯವಾಗಿ ಎರಡನ್ನೇ ಇಡುವುದು. ಎಲೆ ಕತ್ತರಿಸುವ ಇರುವೆಯನ್ನೂ ಸೇತುವೆ ಕಟ್ಟುವ ದಂಡಿರುವೆಯನ್ನೂ ಆಕೆ ಒಂದೇ ಜಾತಿಯೆಂದು ಭಾವಿಸಿದಳು. ದೀಪದ ಹುಳುವೆಂಬ ಮತ್ತೊಂದು ಕೀಟವು ರಾತ್ರಿಯಲ್ಲಿ ಬೆಳಗುವುದೆಂದು ಬರೆದಳು, ಅದು ಬೆಳಗುವುದಿಲ್ಲ. ಜೇಡಗಳ ಮುಖ್ಯ ಆಹಾರವೂ ಕೀಟಗಳೇ. ಹಕ್ಕಿಯು ಸಿಕ್ಕುವುದು ಅಪರೂಪ. ಈ ತಪ್ಪುಗಳಿಂದ ಆಕೆಯ ಗೌರವಕ್ಕೆ ಕುಂದಿಲ್ಲ. ತಿದ್ದುವುದಕ್ಕೆ ಬರುವಂತೆ ಸ್ಪಷ್ಟವಾಗಿ ಬರೆದಿಟ್ಟವರ ತಪ್ಪನ್ನೇ ಮುಂದಿನವರು ತಿದ್ದಬಲ್ಲರು.

ಮರಿಯಳ ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. 1715ರಲ್ಲಿ ಪಾರ್ಶ್ವವಾಯುವು ಬಡಿದು ಕೈಕಾಲು ಸ್ವಾಧೀನ ತಪ್ಪಿತು. 1717ನೆಯ ಜನವರಿ 13ನೆಯ ತಾರೀಖು, 69ನೆಯ ವಯಸ್ಸಿನಲ್ಲಿ, ಆಕೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕರ್ತನಲ್ಲಿ ನಿದ್ರೆ ಹೋದಳು. ಆಕೆಯ ಸಮಾಧಿಯ ಗುರುತು ಈಗ ಉಳಿದಿಲ್ಲ. ಕಂಬಳಿಹುಳುಗಳ ಪುಸ್ತಕದ ಮೂರನೆಯ ಭಾಗವನ್ನು ಅದೇ ವರ್ಷ ಮಗಳು ದೊರೋಥಿಯಾ ಪ್ರಕಟಿಸಿದಳು. ರಷ್ಯಾದ ಚಕ್ರವರ್ತಿ ಪೀಟರನಿಗಾಗಿ ಆಕೆಯ ಅನೇಕ ಚಿತ್ರಗಳು ಕೊಳ್ಳಲ್ಪಟ್ಟುವು. ಬಾಲ್ಯದಿಂದ ಬರೆದ ದಿನಚರಿಯೂ ಸಂತ ಪೀಟರ್ಸ್‌ಬರ್ಗಿಗೆ ಹೋಗಿ ಸೇರಿತು. ದೊರೋಥಿಯಾ ತನ್ನ ಗಂಡನೊಡನೆ ಅಲ್ಲಿಯೇ ನೆಲಸಿ ಚಿತ್ರಲೇಖನವನ್ನು ಕಲಿಸಿದಳು. ಹಿರಿಯಳಾದ ಯೋಹನ್ನಳು ಸೂರಿನಾಮಿಗೆ ಹೋಗಿ ಕೀಟಗಳ ಕೆಲಸವನ್ನು ಮುಂದುವರಿಸಿದಳು. ತಾಯಿಯು ಮಕ್ಕಳಿಗೆ ಬಿಟ್ಟುಹೋದ ಆಸ್ತಿಯು ಹಣವಲ್ಲ, ವಿದ್ಯೆ.

ತರುವಾಯ ಆಕೆಗೆ ದೊರೆಯದ ಮಾನವು ದೊರೆಯಿತು. 1990ರ ದಶಕದಲ್ಲಿ ಜರ್ಮನಿಯ 500 ಮಾರ್ಕಿನ ನೋಟಿನ ಮೇಲೆ ಆಕೆಯ ಮುಖವು ಅಚ್ಚಾಯಿತು. 2017ರಲ್ಲಿ, ಆಕೆಯ ಮರಣದಿಂದ ಸರಿಯಾಗಿ 300 ವರ್ಷಗಳಾದಾಗ, ಪೆರು ದೇಶದ ಹೊಸ ಜೇಡವೊಂದಕ್ಕೆ ಶಾಸ್ತ್ರಜ್ಞರು ಅವಿಕ್ಯುಲೇರಿಯಾ ಮೇರಿಯಾನೆ ಎಂದು ಆಕೆಯ ಹೆಸರನ್ನಿಟ್ಟರು. ಇಂದು ಕ್ಯಾಮರಾದವರು ತೆಗೆದ ಚಿತ್ರಗಳಲ್ಲಿ ಸೂರಿನಾಮಿನ ಆ ಜೇಡದ ಕಪ್ಪು ಕಾಲುಗಳ ತುದಿಯು ಗುಲಾಬಿ ಬಣ್ಣದಿಂದ ಮಿನುಗುವುದನ್ನು ನೋಡಬಹುದು. ಯಾರನ್ನೂ ಹೆದರಿಸುವುದಕ್ಕಾಗಿ ಇಟ್ಟ ಬಣ್ಣವಂತೂ ಅದು ತೋರುವುದಿಲ್ಲ.

ಪ್ರಿಯ ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ಚಿತ್ರಗಾರ್ತಿಯರಾಗಲಾರಿರಿ, ಸಮುದ್ರ ದಾಟಿ ಹೋಗಲಾರಿರಿ. ಆದರೆ ಇತರರು ಓಡಿಹೋಗುವ ಸ್ಥಳದಲ್ಲಿ ಒಂದು ನಿಮಿಷ ನಿಂತು ನೋಡುವುದು, ಕಂಡುದನ್ನು ಕಂಡಂತೆಯೇ ಹೇಳುವುದು, ಒಡನೆಯೇ ಯಾರೂ ನಂಬದಿದ್ದರೂ ಮಾತನ್ನು ಬದಲಿಸದಿರುವುದು ಇವು ನಿಮ್ಮೆಲ್ಲರ ಕೈಲಾಗುವ ಕೆಲಸಗಳು. ಮುಂದೆ ಎಂದಾದರೂ ಮಾಡಿನಿಂದ ಜೇಡವು ಇಳಿದುಬಂದಾಗ, ಕಸಬರಿಕೆಗಾಗಿ ಕೂಗುವ ಮೊದಲು ನಿಮ್ಮಲ್ಲಿ ಒಬ್ಬಳಾದರೂ ಹತ್ತಿರ ಹೋಗಿ ಅದರ ಕಣ್ಣುಗಳನ್ನು ಎಣಿಸಿ ಬಂದು ನನಗೆ ತಿಳಿಸುವಳಾದರೆ, ಈ ಚರಿತ್ರೆಯನ್ನು ಬರೆದ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆನು.

— ಮುಖ್ಯೋಪಾಧ್ಯಾಯಿನಿ